ಒಳಗೆ ಹೋದವಳು, ಹೊರಗೆ ಬಂದವಳು

ತಬಸುಮ್ ಸೂಜಿಯ ಕಣ್ಣಿಗೆ ದಾರ ಹಿಡಿದಿದ್ದಳು. ಅಷ್ಟರಲ್ಲಿ ಮಷಿನ್ನಿನ ಕೆಳಗೆ ಯಾರೋ ಅವಳ ಕಾಲು ಹಿಡಿದರು. ಹಿಡಿದದ್ದು ಪೆಡಲು ತುಳಿಯುವ ಬಲಗಾಲನ್ನಲ್ಲ. ಎರಡು ವರ್ಷದವಳಿದ್ದಾಗ ಪೋಲಿಯೋ ಬಡಿದು ಸಣಕಲಾಗಿ ಉಳಿದ ಎಡಗಾಲನ್ನು. ಡಾಕ್ಟರರನ್ನೂ ತಾಯಿಯನ್ನೂ ಬಿಟ್ಟರೆ ಆ ಕಾಲನ್ನು ಇದುವರೆಗೆ ಯಾರೂ ಮುಟ್ಟಿರಲಿಲ್ಲ. ದಾರ ಕೈತಪ್ಪಿತು.

"ಏನ್ರೀ ಇದು! ಏಳ್ರಿ ಮ್ಯಾಲೆ!"

ಹೆಂಗಸು ಏಳಲಿಲ್ಲ. ಗುಡಗೇರಿಯಲ್ಲಿ ಅಂದು ಸಂತೆ. ಸ್ಟೇಷನ್ ರಸ್ತೆಯ ಗದ್ದಲವೆಲ್ಲ ಆ ಪುಟ್ಟ ಹೊಲಿಗೆ ಅಂಗಡಿಯ ಬಾಗಿಲಿಗೇ ಬಂದು ನಿಂತಂತಿತ್ತು. ಹೆಂಗಸಿನ ಬಗಲಲ್ಲಿ ಒಂದು ಕೈಚೀಲ, ಅದರಲ್ಲಿ ಸಕ್ಕರೆಯ ಪೊಟ್ಟಣ, ಊದಿನಕಡ್ಡಿ. ಹೊರಗೆ ಬಾಗಿಲ ಚೌಕಟ್ಟಿಗೆ ಒರಗಿ ಹನ್ನೊಂದು ಹನ್ನೆರಡರ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗಿರಲಿಲ್ಲ.

"ತಿರ್ಲಾಪುರದಿಂದ ಬಂದೇನವಾ. ನೀಲಕ್ಕ ಅಂತ ನನ್ನ ಹೆಸರ. ಈ ಕಾಲ ಒಮ್ಮೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಹೋಗ್ತೀನಿ, ಬ್ಯಾಡನಬ್ಯಾಡ."

"ನನ್ನ ಕಾಲೊಳಗ ಏನ್ ಕಂಡಿರಿ ಅಕ್ಕಾರ?"

"ದರ್ಗಾದ ಅಜ್ಜಾರು ಮುಟ್ಟಿದ ಕಾಲಲ್ಲೇನು!" ಎಂದು ನೀಲಕ್ಕ ಎದ್ದು ಕುಳಿತು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಫೋನು ಬಿಚ್ಚಿ ಮುಂದೆ ಹಿಡಿದಳು.

ಊರಾಚೆಯ ದರ್ಗಾದ ಮೆಟ್ಟಿಲು. ಹಸಿರು ಚೂಡಿದಾರದ ಹೆಣ್ಣೊಬ್ಬಳು ತಲೆಯ ಮೇಲೆ ಓಡನಿ ಹೊದ್ದು, ಎಡಗೈಯಿಂದ ಎಡತೊಡೆಯನ್ನು ಒತ್ತಿ ಒತ್ತಿ ಹೆಜ್ಜೆ ಕಿತ್ತಿಡುತ್ತ ಮೆಟ್ಟಿಲು ಹತ್ತುತ್ತಾಳೆ. ಬಾಗಿಲ ಕತ್ತಲಲ್ಲಿ ಕರಗುತ್ತಾಳೆ. ಊದಿನ ಹೊಗೆ, ನಗಾರಿಯ ಸದ್ದು. ಮತ್ತೆ ಅದೇ ಹಸಿರು ಚೂಡಿದಾರ ಹೊರಗೆ ಬರುತ್ತದೆ. ಈ ಸಲ ನೆಟ್ಟಗೆ, ಎರಡೂ ಕೈ ಆಕಾಶಕ್ಕೆ ಚಾಚಿಕೊಂಡು, ಓಡುತ್ತ. ಸುತ್ತಲಿನ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಾರೆ. ಕೆಳಗೆ ಕೆಂಪು ಅಕ್ಷರದಲ್ಲಿ 'ಗುಡಗೇರಿ ದರ್ಗಾದ ಪವಾಡ' ಎಂದಿತ್ತು.

ತನ್ನ ಬೆನ್ನನ್ನು ತಾನೇ ನೋಡುವ ಪ್ರಸಂಗ ಯಾರಿಗೂ ದಿನಾ ಬರುವುದಿಲ್ಲ. ಆದರೂ ತಬಸುಮ್‌ಗೆ ಗುರುತು ಹತ್ತಿತು. ಬಿಸಿಲಿಗೆ ಫೋನಿನ ಗಾಜು ಹೊಳೆಯುತ್ತಿತ್ತು. ಸರಿಯಾಗಿ ನೋಡಬೇಕೆಂದು ಎದ್ದು, ತೊಡೆ ಒತ್ತಿಕೊಂಡು, ಗೋಡೆಯ ನೆರಳಿಗೆ ನಡೆದಳು. ನೀಲಕ್ಕನ ಕಣ್ಣು ಅವಳ ಕೈಯನ್ನೂ ತೊಡೆಯನ್ನೂ ನೋಡಿತು. ಮುಖದ ಮೇಲಿದ್ದ ಭಕ್ತಿ ಇಳಿದು, ಅದರ ಜಾಗದಲ್ಲಿ ಸಿಟ್ಟು ಬಂದು ಕೂತಿತು.

"ಬಂದ ಕಾಲು ಮತ್ತ ಹೋತೇನು? ಏನ್ ತಪ್ಪ ಮಾಡಿದಿ ತಂಗಿ? ಹರಕಿ ಮುಟ್ಟಿಸಲಿಲ್ಲೇನು? ಕೊಟ್ಟದ್ದನ್ನ ಉಳಿಸ್ಕೊಳ್ಳಾಕ ಬರಲಿಲ್ಲೇನು ನಿನಗ?"

"ಹೋಗಬೇಕಂದ್ರ ಮೊದಲ ಬಂದಿರಬೇಕಲ್ರಿ. ಅದು ಸಿನಿಮಾ ಅಕ್ಕಾರ. ಒಳಗ ಹೋದಾಕಿ ನಾನು. ಹೊರಗ ಬಂದಾಕಿ ಹೀರೋಯಿನ್. ಇಬ್ಬರದೂ ಒಂದ ನಮೂನಿ ಅರಬಿ, ನಾನ ಹೊಲದದ್ದು. ನಾ ಒಳಗ ಹೋದಾಕಿ ಹಂಗ ಹಿತ್ತಲ ಬಾಗಿಲಲೆ ಅಂಗಡಿಗೆ ಬಂದೆ. ಹೊರಗ ಏನ್ ತಗದಾರ ಅಂತ ಈಗ ನೋಡಾಕತ್ತೀನಿ."

ನೀಲಕ್ಕ ನಂಬಲಿಲ್ಲ. ನಂಬದಿರಲು ಅವಳ ಬಳಿ ಕಾರಣವೂ ಇತ್ತು. "ಹಿಂಗ ಅಂತೀ ಅಂತ ನಮ್ಮೂರಾಗ ಮೊದಲ ಹೇಳ್ಯಾರ. ಅರಾಮಾದವರು ಬಾಯಿ ಬಿಡೂದಿಲ್ಲ, ದೃಷ್ಟಿ ಆಗತೈತಿ ಅಂತ. ಹೇಳಬ್ಯಾಡ ಬಿಡವಾ. ನಾವು ಐದ ಗುರುವಾರ ನಡಕೋತೀವಿ. ನಮಗೂ ಕಣ್ಣ ತೆರೀತಾರ ಅಜ್ಜಾರು."

"ನಡಕೋರಿ, ಯಾರ ಬ್ಯಾಡಂತಾರ. ದವಾಖಾನಿಗೆ ತೋರಿಸೀರೇನು?"

"ಹುಬ್ಬಳ್ಳ್ಯಾಗ ಬರೂ ಸೋಮವಾರ ಅಪರೇಶನ್ ಇತ್ತು. ಹಿಮ್ಮಡದ ನರ ಕೊಯ್ದು ಉದ್ದ ಮಾಡ್ತಾರಂತ. ಇದನ್ನ ನೋಡಿದ ಮ್ಯಾಲೆ ಬ್ಯಾಡಂತ ಫೋನ್ ಮಾಡಿ ಹೇಳೇನಿ. ಕೊಯ್ಯೂದ ಯಾಕ, ಹಂಗ ಆಗೂದಿದ್ರ?"

"ನನಗ ಅಪರೇಶನ್ ಬೇಕಿತ್ತು," ಎಂದಳು ಬಾಗಿಲಲ್ಲಿದ್ದ ಹುಡುಗಿ. ಮಾತು ನಿಧಾನ, ಆದರೆ ತಡವರಿಕೆ ಇರಲಿಲ್ಲ. "ಬಸ್ಸಿನ ಪಾವಟಿಗಿ ಏರಾಕ ಬರ್ತಿತ್ತು."

"ನೀ ಸುಮ್ಮನ ನಿಂದ್ರಬೇ ಶೈಲಾ."

ಶೈಲಾ ಎತ್ತಿದ ಹಿಮ್ಮಡಿಯನ್ನು ನೆಲಕ್ಕೆ ತಾಗಿಸಲು ಒಮ್ಮೆ ಪ್ರಯತ್ನಿಸಿದಳು. ತಾಗಲಿಲ್ಲ. ತಬಸುಮ್ ಅದನ್ನು ನೋಡಿದಳು.

ಚಿತ್ರದವರು ಬಂದು ಒಂದು ತಿಂಗಳಾಗಿತ್ತು. ಹುಬ್ಬಳ್ಳಿಯ ಹೋಟೆಲಿನಲ್ಲಿ ಇಳಿದುಕೊಂಡು ದಿನಾ ಗುಡಗೇರಿಗೆ ಬಂದು ಹೋಗುತ್ತಿದ್ದರು. ಕಾಳಿನ ವ್ಯಾಪಾರದ ಅಡತಿ ಅಂಗಡಿಯ ಹೊಳೆಪ್ಪನವರ ಮಗ ಸುಭಾಸ ಅವರಿಗೆ ಜಾಗ, ಜನ, ಊಟ ಎಲ್ಲ ಹೊಂದಿಸಿಕೊಡುತ್ತಿದ್ದ. ಕಥೆಯ ನಾಯಕಿ ಕುಂಟಿ ಎಂದು ಗೊತ್ತಾದ ದಿನವೇ ಅವನಿಗೆ ತಬಸುಮ್ ನೆನಪಾದದ್ದು. "ನಮ್ಮೂರಾಗ ಒಬ್ಬಾಕಿ ಅದಾಳ್ರಿ ಸರ, ಅಗದಿ ಒರಿಜಿನಲ್," ಎಂದಿದ್ದನಂತೆ. ಆ ಮಾತನ್ನು ಆಮೇಲೆ ಅವನೇ ನಗುತ್ತ ಅವಳಿಗೆ ಹೇಳಿದ್ದ, ಹೊಗಳಿಕೆ ಎಂದುಕೊಂಡು.

ನಾಯಕಿ ಇಂಚರಾ ಬೆಂಗಳೂರಿನ ಹುಡುಗಿ. ನಡಿಗೆ ಕಲಿಯಲು ಕೆಲವು ಮಧ್ಯಾಹ್ನ ಅಂಗಡಿಗೆ ಬಂದಳು. ಒಳ್ಳೆಯವಳು, ಕೊಟ್ಟ ಚಹಾ ಕುಡಿದು ಬಟ್ಟಲು ತಾನೇ ತೊಳೆದಿಡುತ್ತಿದ್ದಳು. ಆದರೆ ಪ್ರತಿ ಹೆಜ್ಜೆಗೂ ಮುಳ್ಳು ತುಳಿದವರಂತೆ ಮುಖ ಹಿಂಡುತ್ತಿದ್ದಳು.

"ಮಾರಿ ಯಾಕವಾ ಹಂಗ ಮಾಡ್ತಿ? ನೋಯೂದಿಲ್ಲ ಇದು," ಎಂದಿದ್ದಳು ತಬಸುಮ್.

"ನೋವು ಕಾಣ್ಬೇಕು ಅಂತಾರೆ ಅಕ್ಕ, ಡೈರೆಕ್ಟರ್."

"ನೋಯದ ಇದ್ರೂ?"

ಇಂಚರಾ ನಕ್ಕಿದ್ದಳು. ನಡಿಗೆ ಅವಳಿಗೆ ಹತ್ತಲಿಲ್ಲ. ಒಮ್ಮೆ ಎಡಗಾಲು ಕುಂಟಿದರೆ ಒಮ್ಮೆ ಬಲಗಾಲು ಕುಂಟುತ್ತಿತ್ತು. ಹಿಂದಿನ ಗುರುವಾರ ದರ್ಗಾದ ಸೀನಿನ ದಿನ ಸುಭಾಸ ಓಡಿ ಬಂದು, "ಅಕ್ಕಾ, ಹೀರೋಯಿನ್ನಿಗೆ ಅಂತ ನೀ ಹೊಲದ ಎರಡ ಚೂಡಿದಾರದಾಗ ಒಂದ ನಿನ್ನ ಅಳತಿಗೆ ಹಿಡಕೊಂಡು ಹಾಕ್ಕೊಂಡ ಬಾ. ಹಿಂದಿನಿಂದ ನಾಲ್ಕ ಹೆಜ್ಜಿ ನಡದ್ರ ಸಾಕು. ಹುಡುಗಿ ದರ್ಗಾಕ್ಕ ಹೋಗಿ ಸಕ್ಕರಿ ಓದಸ್ತಾಳ, ಅಷ್ಟ ಸೀನು," ಎಂದ. ದರ್ಗಾ ನೋಡಿಕೊಳ್ಳುವ ಮುಜಾವರ ಅಬ್ದುಲ್‌ಸಾಬರಿಗೂ ಅವನು ಹೇಳಿದ್ದು ಅಷ್ಟೇ. ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿ ಪ್ರಸಾದ ಒಯ್ಯಲು ಎಲ್ಲ ಜಾತಿಯವರೂ ಬರುವ ಜಾಗ ಅದು. ಅದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ.

ನೀಲಕ್ಕ ಹೋದ ಮೇಲೆ ಅಂಗಡಿ ಅರ್ಧ ಬಾಗಿಲು ಹಾಕಿ ತಬಸುಮ್ ಊಟಕ್ಕೆ ಮನೆಗೆ ಹೋದಾಗ ತಾಯಿ ಅಜೀಜಾಬಿ ಅಂಗಳದ ಹೊರಸಿನ ಮೇಲೆ ಕುಳಿತಿದ್ದಳು. ಕೈಯಲ್ಲಿ ಪಕ್ಕದ ಮನೆಯ ಜಮಾಲಬಿಯ ಫೋನು. ನಗಾರಿಯ ಸದ್ದು ಕೇಳಿಯೇ ತಬಸುಮ್‌ಗೆ ತಿಳಿಯಿತು.

"ಎಷ್ಟ ದಿನದಿಂದ ನೋಡಾಕತ್ತೀಯಮ್ಮಾ ಇದನ್ನ?"

ಅಜೀಜಾಬಿ ಫೋನು ಮಡಿಲಲ್ಲಿ ಮುಚ್ಚಿಕೊಂಡಳು. "ಜಮಾಲಬಿ ತೋರಿಸಿದ್ಲು. ಖರೇ ಅಲ್ಲಂತ ನನಗ ಗೊತ್ತಿಲ್ಲೇನು? ದಿನಾ ಮನ್ಯಾಗ ನೋಡೂದಿಲ್ಲೇನ್ ನಿನ್ನ?"

"ಮತ್ತ್ಯಾಕ ನೋಡ್ತಿ?"

ಅಜೀಜಾಬಿ ಮಡಿಲಿನ ಫೋನನ್ನು ಸೆರಗಿನಿಂದ ಒರೆಸಿದಳು. ಆಮೇಲೆ, "ಹೊರಗ ಬರ್ತಾಳಲಾ, ಆಗ ಒಂದ್ ಘಳಿಗಿ ನೀನ ಅನಸ್ತದ," ಎಂದಳು.

ತಬಸುಮ್‌ಗೆ ಬಡಿಸಿಕೊಂಡಿದ್ದ ತಟ್ಟೆ ಎತ್ತಿ ಗೋಡೆಗೆ ಒಗೆಯಬೇಕೆನಿಸಿತು. ಒಗೆಯಲಿಲ್ಲ. ಮುರಿದ ರೊಟ್ಟಿಯನ್ನು ಹಾಗೇ ತಟ್ಟೆಗೆ ಇಟ್ಟಳು. ಮೂವತ್ತು ವರ್ಷ ಈ ಅಂಗಳದಲ್ಲಿ ನಡೆದಾಡಿದ್ದೇನೆ. ಹೊಲಿದು ದುಡಿದು ಈಕೆಗೆ ಅನ್ನ ಹಾಕಿದ್ದೇನೆ, ಗಾಡಿ ಕಲಿತು ಕುಂದಗೋಳದ ದವಾಖಾನೆಗೆ ಕರೆದೊಯ್ದಿದ್ದೇನೆ. ಆ ಮಗಳು ಸಾಲದೆ ಫೋನಿನಲ್ಲಿ ಇನ್ನೊಬ್ಬಳನ್ನು ಹುಡುಕುತ್ತಾಳೆ.

ಹಳೆಯದೊಂದು ಸಂಗತಿ ತಾಯಿ ಮಗಳಿಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಆಡುತ್ತಿರಲಿಲ್ಲ. ತಬಸುಮ್‌ಗೆ ಎಂಟು ವರ್ಷವಿದ್ದಾಗ ಹುಬ್ಬಳ್ಳಿಯಲ್ಲಿ ಕ್ಯಾಂಪ್ ನಡೆದಿತ್ತು. ಮಡಚಿಕೊಂಡ ಮೊಣಕಾಲನ್ನು ಕೊಯ್ದು ನೆಟ್ಟಗೆ ಮಾಡಿ, ಕಬ್ಬಿಣದ ಪಟ್ಟಿಯ ಬೂಟು ಕೊಡುತ್ತಿದ್ದರು. ಪಟ್ಟಿ ಹಾಕಿಕೊಂಡವರು ತೊಡೆ ಒತ್ತಬೇಕಾಗಿರಲಿಲ್ಲ, ಎರಡೂ ಕೈ ಬಿಟ್ಟು ನಡೆಯಬಹುದಿತ್ತು. ಆಗ ಅಜೀಜಾಬಿ ಗುರುವಾರಗಳ ಹರಕೆಯಲ್ಲಿದ್ದಳು. ಹರಕೆ ಮುಗಿಸಿ ಬರುತ್ತೇನೆ ಎಂದಳು. ಹರಕೆ ಮುಗಿಯುವಷ್ಟರಲ್ಲಿ ಕ್ಯಾಂಪಿನವರು ಊರು ಬಿಟ್ಟಿದ್ದರು. ಮತ್ತೊಬ್ಬ ಡಾಕ್ಟರರ ಮುಂದೆ ಕೂತಾಗ ತಬಸುಮ್ ದೊಡ್ಡವಳಾಗಿದ್ದಳು. ಮೂಳೆ ಬಲಿತಿದೆ, ಇನ್ನು ಇಷ್ಟೇ ಎಂದರು ಅವರು. ಅಜ್ಜಾರ ಮೇಲೆ ತಬಸುಮ್‌ಗೆ ಸಿಟ್ಟಿರಲಿಲ್ಲ. ದವಾಖಾನೆ ಬಿಟ್ಟು ಬಾ ಎಂದು ಅವರು ಯಾರನ್ನೂ ಕರೆದವರಲ್ಲ. ಆದರೆ ಈಗ ಫೋನಿನಲ್ಲಿ ಕೂತು ಯಾರೋ ಕರೆಯುತ್ತಿದ್ದರು, ಅದೂ ಅವಳ ಬೆನ್ನನ್ನು ತೋರಿಸಿ.

ಕೈ ತೊಳೆದು, ಪಕ್ಕಕ್ಕೆ ಎರಡು ಗಾಲಿ ಕೂಡಿಸಿದ ಸ್ಕೂಟರ್ ಹತ್ತಿ ಹೊಳೆಪ್ಪನವರ ಗೋದಾಮಿಗೆ ಹೋದಳು. ಕಾಳಿನ ಚೀಲಗಳನ್ನು ಒಂದು ಬದಿಗೆ ಒಟ್ಟಿ, ಇನ್ನೊಂದು ಬದಿಯಲ್ಲಿ ಮೇಜು ಕುರ್ಚಿ ಹಾಕಿ ಚಿತ್ರದವರು ಆಫೀಸು ಮಾಡಿಕೊಂಡಿದ್ದರು. ನಿರ್ದೇಶಕ ಪ್ರದ್ಯುಮ್ನ ಲ್ಯಾಪ್‌ಟಾಪಿನ ಮುಂದಿದ್ದ. ಗಡ್ಡ ಬಿಟ್ಟವನು, ಮೆತ್ತಗೆ ಮಾತಾಡುವವನು. ಅವಳನ್ನು ಕಂಡು ಎದ್ದು ನಿಂತು ತಾನೇ ಕುರ್ಚಿ ಎಳೆದ.

"ಬನ್ನಿ ಮೇಡಂ. ನಿಮ್ಮ ನಡಿಗೆ ಎಲ್ಲಾ ಕಡೆ ಮಾತಾಗಿದೆ."

"ಅದ ಸಲುವಾಗಿ ಬಂದೇನ್ರಿ. ಆ ವಿಡಿಯೋ ತಗೀರಿ. ಅದು ಸಿನಿಮಾ ಅಂತ ಹಾಕ್ರಿ."

ಸುಭಾಸ ಚೀಲದ ಮೇಲಿಂದ ಜಿಗಿದು ಬಂದ. "ಏನಕ್ಕಾ, ಲಕ್ಷಗಟ್ಟಲೆ ಮಂದಿ ನೋಡ್ಯಾರ! ನಾನ ಕಟ್ ಮಾಡಿ ಹಾಕಿದ್ದು. ಕ್ಯಾಮೆರಾ ಕಾಣದಂಗ ಎಷ್ಟ ಶ್ಯಾಣ್ಯಾತನಲೆ ಜೋಡಿಸೇನಿ ನೋಡಿದೇನು?"

"ನೋಡಿದೆ. ತಿರ್ಲಾಪುರದಾಕಿ ಒಬ್ಬಾಕಿ ಮಗಳ ಅಪರೇಶನ್ ಬ್ಯಾಡಂತ ಬಿಡಿಸ್ಯಾಳ ನಿನ್ನ ಶ್ಯಾಣ್ಯಾತನದಿಂದ. ಸೋಮವಾರ ಇತ್ತದು."

ಸುಭಾಸ ಮತ್ತೆ ಚೀಲಗಳ ಕಡೆ ಹಿಂದೆ ಸರಿದ. ಪ್ರದ್ಯುಮ್ನ ಹಣೆ ಉಜ್ಜಿಕೊಂಡ. "ಛೆ, ಬೇಜಾರು. ಆದ್ರೆ ಜನ ಎಲ್ಲಾ ನಂಬ್ತಾರೆ ಅಂದ್ರೆ ನಾವೇನ್ ಮಾಡೋಕಾಗುತ್ತೆ? ರಿಲೀಸ್ ಆದಾಗ ಶುರುವಿನಲ್ಲೇ ಹಾಕ್ತೀವಿ, ಎಲ್ಲವೂ ಕಾಲ್ಪನಿಕ ಅಂತ."

"ರಿಲೀಸ್ ಯಾವಾಗ?"

"ಬಹುಶಃ ದೀಪಾವಳಿಗೆ."

"ಸೋಮವಾರಕ್ಕ ದೀಪಾವಳಿ ಬರೂದಿಲ್ರಿ ಸರ. ಆಕಿ ಯಾಕ ಅರಾಮ ಆಗಬೇಕು ನಿಮ್ಮ ಕಥಿಯೊಳಗ? ನಾ ಕಲಿಸಿದ್ದು ನಡಿಯೂದನ್ನ. ಅರಾಮ ಆಗೂದನ್ನ ಯಾರ ಕಲಿಸಿದ್ರು?"

ಆ ಪ್ರಶ್ನೆ ಅವನಿಗೆ ಇಷ್ಟವಾದಂತೆ ಕಂಡಿತು. ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ತಾನು ಎಷ್ಟು ಓದಿಕೊಂಡು, ಎಷ್ಟು ನೋಡಿಕೊಂಡು ಈ ಕಥೆ ಬರೆದಿದ್ದೇನೆ ಎಂದು ತೋರಿಸುವ ಉತ್ಸಾಹ ಅದು. ಹಿಮ ಬೀಳುವ ದೇಶದ ಒಂದು ಚಿತ್ರ: ಕಿವಿ ಕೇಳದ ಹುಡುಗಿ, ಹಿಂದಿನಿಂದ ಬಂದ ಗಾಡಿಯ ಸದ್ದು ಕೇಳದೆ ಕೊನೆಗೆ ಬಿಳಿ ರಸ್ತೆಯ ಮೇಲೆ ಬೀಳುತ್ತಾಳೆ. ಮರಳುಗಾಡಿನದು ಇನ್ನೊಂದು: ಕುರುಡಿ, ಮೊದಲ ಮಳೆ ಬಿದ್ದ ದಿನ ಅವಳಿಗೆ ಕಣ್ಣು ಬರುತ್ತದೆ. ಮತ್ತೊಂದರಲ್ಲಿ ಗಾಲಿಕುರ್ಚಿಯ ಶ್ರೀಮಂತ ಹೆಂಗಸು ಮನೆಯವರ ಸಾರಿಗೆ ವಿಷ ಬೆರೆಸುತ್ತಾಳೆ. ನಮ್ಮದೇ ದೇಶದ್ದೊಂದು: ಕುಂಟಿ ತಂಗಿ, ಅಣ್ಣನ ಮದುವೆಗೆ ತಾನು ಅಡ್ಡಿಯಾಗಬಾರದೆಂದು ಬಾವಿಯ ಕಟ್ಟೆ ಹತ್ತುತ್ತಾಳೆ. ಭಾಷೆ ಯಾವುದೂ ತಬಸುಮ್‌ಗೆ ತಿಳಿಯಲಿಲ್ಲ. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ.

"ನೋಡಿದ್ರಾ ಮೇಡಂ? ಎಲ್ಲಾ ದೇಶದಲ್ಲೂ ಜನ ಕಣ್ಣೀರು ಹಾಕ್ತಾರೆ. ಇದು ಎಲ್ಲರ ಕಥೆ."

"ಎಲ್ಲಾ ದೇಶದಾಗೂ ಇಷ್ಟೇನ್ರಿ? ಒಂದೋ ಸಾಯಬೇಕು, ಇಲ್ಲಂದ್ರ ಅರಾಮ ಆಗಬೇಕು, ಅದೂ ಇಲ್ಲಂದ್ರ ವಿಷ ಹಾಕಬೇಕು? ಅಂಗಡಿ ತಗದು ಕುಂತಾಕಿ ಒಬ್ಬಾಕಿನೂ ಇಲ್ಲೇನ್ರಿ ಇಷ್ಟ ಮಂದಿಯೊಳಗ?"

ಪ್ರದ್ಯುಮ್ನ ನಕ್ಕ. ಕೆಟ್ಟ ನಗುವಲ್ಲ, ಮಕ್ಕಳ ಮಾತಿಗೆ ನಗುವಂಥದ್ದು. "ಅಂಗಡಿ ತೆಗೆದು ಕೂತ್ರೆ ಅದರಲ್ಲಿ ಕಥೆ ಎಲ್ಲಿದೆ ಮೇಡಂ?"

"ಇವರೆಲ್ಲಾ ಖರೇನ ಕುಂಟೇರೇನ್ರಿ? ಕುರುಡೇರೇನ್ರಿ?"

"ಇಲ್ಲ ಇಲ್ಲ, ದೊಡ್ಡ ದೊಡ್ಡ ನಟಿಯರು. ಇದರಲ್ಲಿ ಇಬ್ಬರಿಗೆ ಪ್ರಶಸ್ತಿ ಬಂದಿದೆ."

"ಹಂಗಾರ ಹೆಂಗ ನಡೀಬೇಕು, ಹೆಂಗ ತಡವಬೇಕು ಅಂತ ಅವರಿಗೂ ನನ್ನಂಥಾಕಿ ಒಬ್ಬಾಕಿ ಕಲಿಸಿಕೊಟ್ಟಿರಬೇಕಲ್ರಿ. ಆಕಿ ಮಾರಿ ಯಾವ ಫಿಲ್ಮಿನ್ಯಾಗ ಐತಿ? ತೋರಿಸ್ರಿ, ನೋಡ್ತೀನಿ."

ಪ್ರದ್ಯುಮ್ನ ಲ್ಯಾಪ್‌ಟಾಪ್ ಮುಚ್ಚಿದ. ಮುಖ ಗಂಭೀರವಾಯಿತು. ಅವನು ಯೋಚಿಸುತ್ತಿದ್ದಾನೆ ಎಂದು ತಬಸುಮ್ ಅಂದುಕೊಂಡಳು. ಯೋಚಿಸುತ್ತಿದ್ದದ್ದು ಬೇರೆ.

"ಈ ಸಿಟ್ಟು ಚೆನ್ನಾಗಿದೆ ಮೇಡಂ. ಗುರುವಾರ ಇದೇ ಇರಲಿ. ಹೋದ ವಾರದ ಶಾಟ್‌ನಲ್ಲಿ ಬೆಳಕು ಸರಿಯಾಗಿಲ್ಲ, ಇನ್ನೊಮ್ಮೆ ತೆಗೀಬೇಕು. ಈ ಸಲ ಹತ್ತಿರದಿಂದ. ನಿಮ್ಮ ಕೈ, ಆ ತೊಡೆ ಒತ್ತೋದು, ಅದಷ್ಟೇ."

ಬರುವುದಿಲ್ಲ ಎನ್ನಲು ತಬಸುಮ್ ಬಾಯಿ ತೆರೆದಳು. ಬಾಗಿಲ ಚೌಕಟ್ಟಿಗೆ ಒರಗಿದ ಹುಡುಗಿಯ ಹಿಮ್ಮಡಿ ಕಣ್ಣ ಮುಂದೆ ಬಂತು. ಇಲ್ಲಿ ಕೂತು ನೂರು ಮಾತಾಡಿದರೂ ಅದು ಈ ಗೋದಾಮಿನ ಚೀಲಗಳಿಗೆ ಮಾತ್ರ ಕೇಳುತ್ತದೆ.

"ಮಂದಿ ಇರ್ತಾರೇನ್ ಸುಭಾಸ?"

"ಹೋದ ಸಲದ ಎರಡ ಪಟ್ಟು ಅಕ್ಕಾ! ನವಲಗುಂದ, ಅಣ್ಣಿಗೇರಿ, ಎಲ್ಲಾ ಕಡಿಂದ ಬರಾಕತ್ತಾರ. ದುಡ್ಡ ಕೊಟ್ಟ ಕರಸೂದ ತಪ್ಪಿತು."

"ಬರ್ತೀನಿ," ಎಂದು ತಬಸುಮ್ ಎದ್ದಳು. ಹೊರಗೆ ಬಂದು ಸ್ಕೂಟರಿನ ಮೇಲೆ ಕೂತೇ, ನೀಲಕ್ಕ ಕೊಟ್ಟುಹೋಗಿದ್ದ ನಂಬರಿಗೆ ಫೋನು ಮಾಡಿದಳು. "ಅಕ್ಕಾರ, ಗುರುವಾರ ದರ್ಗಾಕ್ಕ ಬರ್ರಿ. ಶೈಲಾನ್ನೂ ಕರಕೊಂಡ ಬರ್ರಿ. ಮುಂದ ನಿಂದ್ರರಿ, ಮೆಟ್ಟಿಲ ಬಾಜು."

ಗುರುವಾರ ದರ್ಗಾದ ಮುಂದಿನ ಬಯಲು ಹೆಂಗಸರಿಂದ ತುಂಬಿತ್ತು. ಶೂಟಿಂಗ್ ನೋಡಬಂದವರು ಯಾರು, ಹರಕೆಗೆ ಬಂದವರು ಯಾರು ಎಂದು ಹೇಳುವಂತಿರಲಿಲ್ಲ. ಕಂಕುಳಲ್ಲಿ ಕೂಸು ಎತ್ತಿಕೊಂಡವರಿದ್ದರು. ಮಗನನ್ನು ಬೆನ್ನ ಮೇಲೆ ಹೊತ್ತು ಬಂದ ತಂದೆಯೊಬ್ಬನಿದ್ದ. ಆ ಹುಡುಗನಿಗೆ ಮೀಸೆ ಮೂಡುತ್ತಿತ್ತು. ಸುಭಾಸ ಮೈಕಿನಲ್ಲಿ ಕೂಗುತ್ತಿದ್ದ, "ಹೊರಗ ಬಂದ ಕೂಡಲೇ ಅಳಬೇಕ್ರಿ ಎವ್ವಾ, ಮೊದಲ ಅಳಬ್ಯಾಡ್ರಿ!" ಹೆಂಗಸರು ನಕ್ಕರು. ನಗದವರೂ ಇದ್ದರು. ಮೆಟ್ಟಿಲ ಪಕ್ಕದಲ್ಲಿ ನೀಲಕ್ಕ ಸಕ್ಕರೆಯ ಪೊಟ್ಟಣ ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ಸೊಂಟ ಹಿಡಿದು ಶೈಲಾ.

ಹಸಿರು ಚೂಡಿದಾರ ತೊಟ್ಟು ತಬಸುಮ್ ನಡೆದಳು. ಕ್ಯಾಮೆರಾ ಅವಳ ಕೈಯ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ ಜರುಗುತ್ತ ಬಂತು. ಮೆಟ್ಟಿಲು ಹತ್ತಿ, ಬಾಗಿಲಿನ ಪರದೆ ಸರಿಸಿ ಒಳಗೆ ಹೋದಳು. ತಣ್ಣನೆಯ ಕತ್ತಲು, ಊದಿನ ವಾಸನೆ. ಚಾಪೆಯ ಮೇಲೆ ಅದೇ ಹಸಿರಿನಲ್ಲಿ ಇಂಚರಾ ಕೂತಿದ್ದಳು. ಗೋರಿಯ ತಲೆಯ ಕಡೆ ನವಿಲುಗರಿ ಹಿಡಿದು ಅಬ್ದುಲ್‌ಸಾಬರು ನಿಂತಿದ್ದರು. ಸೀನು ಏನೆಂದು ಅವರಿಗೆ ಈಗ ಗೊತ್ತಾಗಿತ್ತು, ಊರವರು ಫೋನು ತೋರಿಸಿದ್ದರು. ಆದರೆ ಊರಿನ ದೊಡ್ಡ ಮನುಷ್ಯ ಹೊಳೆಪ್ಪನವರ ಮಾತು ಮೀರಲು ಆಗದೆ ಬಾಯಿ ಕಟ್ಟಿಕೊಂಡಿದ್ದರು.

"ಅಕ್ಕ, ಆ ವಿಡಿಯೋ ನಾನು ಹಾಕಿದ್ದಲ್ಲ," ಎಂದು ಇಂಚರಾ ಪಿಸುಗುಟ್ಟಿದಳು.

"ಗೊತ್ತೈತಿ. ಹೋಗು, ನಿನ್ನ ಕೆಲಸ ನೀ ಮಾಡು."

ಹೊರಗೆ ನಗಾರಿ ಮೊಳಗಿತು. ಇಂಚರಾ ಎದ್ದು, ಉಸಿರು ಎಳೆದುಕೊಂಡು, ಪರದೆ ಹಾಯ್ದು ಓಡಿದಳು. ಬಯಲಿನಿಂದ ಅಳುವಿನ ಸದ್ದು ಒಮ್ಮೆಲೇ ಎದ್ದಿತು. ಅದರಲ್ಲಿ ಸುಭಾಸ ಹೇಳಿಕೊಟ್ಟ ಅಳು ಎಷ್ಟು, ನಿಜವಾದದ್ದು ಎಷ್ಟು ಎಂದು ತಬಸುಮ್ ಕಿವಿಗೊಟ್ಟು ಕೇಳಿದಳು. ನಿಜವಾದದ್ದೇ ಹೆಚ್ಚಿತ್ತು.

"ಹಿತ್ತಲ ಬಾಗಲ ತಗದ ಇಟ್ಟೇನಿ ಬೇಟಿ," ಎಂದರು ಅಬ್ದುಲ್‌ಸಾಬರು.

"ನಾ ಬಂದ ಬಾಗಲಲೆ ಹೋಗ್ತೀನ್ರಿ ಚಾಚಾ."

ಅವರು ಅವಳನ್ನು ನೋಡಿದರು. ಮುಂದೆ ಬಂದು ನವಿಲುಗರಿಯ ಹಿಡಿಯಿಂದ ಪರದೆ ಎತ್ತಿ ಹಿಡಿದರು.

ಮೆಟ್ಟಿಲ ತುದಿಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಕೆಳಗೆ ಬಯಲಿನ ನಡುವೆ ಇಂಚರಾ ಆಕಾಶಕ್ಕೆ ಕೈಯೆತ್ತಿ ನಿಂತಿದ್ದಳು. ಮೆಟ್ಟಿಲ ಮೇಲೆ ಅದೇ ಹಸಿರು, ಅದೇ ಓಡನಿ, ತೊಡೆಯ ಮೇಲೆ ಕೈ. ಮುಂದಿನ ಸಾಲಿನ ಅಳು ಮೊದಲು ನಿಂತಿತು, ಆಮೇಲೆ ಹಿಂದಿನದು. ನಗಾರಿಯವನು ಕೋಲು ಎತ್ತಿದವನು ಹಾಗೇ ಉಳಿದ.

"ಎವ್ವಾ, ಇಬ್ಬರದಾರಲಾ!" ಎಂದು ಯಾರೋ ಕೂಗಿದರು.

"ಕಟ್! ಕಟ್! ಯಾರ್ರೀ ಅವರನ್ನ ಬಿಟ್ಟಿದ್ದು?" ಎಂದು ಪ್ರದ್ಯುಮ್ನ ಅರಚಿದ. ಅವನ ಮೆತ್ತನೆಯ ದನಿ ಎಲ್ಲಿ ಹೋಯಿತೋ.

ತಬಸುಮ್ ತಲೆಯ ಮೇಲಿನ ಓಡನಿ ತೆಗೆದಳು. ಒಂದೊಂದೇ ಮೆಟ್ಟಿಲು ಇಳಿದಳು. "ಫೋನ್ ಹಿಡೀರಿ," ಎಂದಳು. "ಹೋದ ವಾರ ಹಿಡದ್ರಿ, ಇವತ್ತೂ ಹಿಡೀರಿ. ಒಳಗ ಹೋದಾಕಿ ನಾನು. ನಾನ ಹೊರಗ ಬಂದೇನಿ, ಹೋದಂಗ ಬಂದೇನಿ. ಅಗೋ ಆಕಿ ಹುಟ್ಟಿದಾಗಿಂದ ನೆಟ್ಟಗ ನಡೀತಾಳ. ಅಜ್ಜಾರು ಯಾರಿಗೂ ಮೋಸ ಮಾಡಿಲ್ಲ. ಮೋಸ ಮಾಡಿದ್ದು ಇಲ್ಲೆ ಮೈಕ್ ಹಿಡದವರು. ನನ್ನ ಕಾಲ ಇಟಗೊಂಡು ಮಾಡ್ಯಾರ."

ಸುಭಾಸ ಓಡಿ ಬಂದು ಅವಳ ತೋಳು ಹಿಡಿದ. "ಅಕ್ಕಾ, ಮರ್ಯಾದಿ ಕಳೀಬ್ಯಾಡ—"

"ಕೈ ಬಿಡಲೇ," ಎಂದಳು. ಬಿಟ್ಟ.

ನಗು ಎದ್ದಿತು. ಮೊದಲು ಒಬ್ಬಿಬ್ಬರದು, ಆಮೇಲೆ ಬಯಲಿನ ಅರ್ಧದಷ್ಟು. ಉಳಿದರ್ಧ ನಗಲಿಲ್ಲ. ಮಗನನ್ನು ಹೊತ್ತ ತಂದೆ ಒಂದು ಕ್ಷಣ ನಿಂತು, ಬೆನ್ನಿನ ಭಾರವನ್ನು ಮೇಲೆ ಸರಿಸಿಕೊಂಡು ರಸ್ತೆಯ ಕಡೆ ತಿರುಗಿದ. ಇಂಚರಾ ಎತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹೊಟ್ಟೆಯ ಮೇಲೆ ಕಟ್ಟಿಕೊಂಡಳು.

ತಬಸುಮ್ ನೀಲಕ್ಕನ ಮುಂದೆ ನಿಂತಳು. "ನೋಡಿದ್ರೇನ್ರಿ ಅಕ್ಕಾರ?"

ನೀಲಕ್ಕ ಸಕ್ಕರೆಯ ಪೊಟ್ಟಣವನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು. "ನೋಡಿದೆ," ಎಂದಳು. "ಹೋದ ಗುರುವಾರ ಈ ಬಾಗಲಲೆ ಯಾಕ ಬರಲಿಲ್ಲ ನೀ?"

"ಅಂಗಡ್ಯಾಗ ಹೊಲಿಗಿ ಇತ್ರಿ."

ಅದು ಸತ್ಯವಾಗಿತ್ತು. ಹೇಳಿದ ಮೇಲೆ ಅದು ಎಷ್ಟು ಸಣ್ಣ ಸತ್ಯವೆಂದು ಅವಳಿಗೇ ಕೇಳಿಸಿತು. ನೀಲಕ್ಕ ಅವಳನ್ನು ಹೊಡೆಯುತ್ತಾಳೆ ಎನ್ನುವಂತಿತ್ತು. ಹೊಡೆಯಲಿಲ್ಲ. ಮಗಳನ್ನು ಅಲ್ಲೇ ನಿಲ್ಲಿಸಿ, ಸಕ್ಕರೆಯ ಪೊಟ್ಟಣ ಹಿಡಿದು, ಕ್ಯಾಮೆರಾದವನನ್ನು ಭುಜದಿಂದ ಸರಿಸಿ ಮೆಟ್ಟಿಲು ಹತ್ತಿದಳು. "ಅಜ್ಜಾರಿಗೆ ತಂದದ್ದು ಅಜ್ಜಾರಿಗೆ," ಎಂದಳು, ಯಾರಿಗೂ ಅಲ್ಲದಂತೆ. ಸಕ್ಕರೆ ಓದಿಸಿಕೊಂಡು ಬಂದು ಮಗಳ ರಟ್ಟೆ ಹಿಡಿದು ಹೊರಟಳು. ತಿರುಗಿ ನೋಡಲಿಲ್ಲ. ಶೈಲಾ ನೋಡಿದಳು.

ಸಂಜೆಯೊಳಗೆ ಇಬ್ಬರು ಹಸಿರು ಹೆಂಗಸರ ವಿಡಿಯೋ ಎಲ್ಲ ಫೋನುಗಳಲ್ಲಿತ್ತು. ಕೆಲವರು ಶಹಬ್ಬಾಸ್ ಎಂದರು. ಕುಂಟಿಗೆ ಸೊಕ್ಕು, ಹೀರೋಯಿನ್ ಆಗಲಿಲ್ಲವೆಂದು ಹೊಟ್ಟೆಕಿಚ್ಚು ಎಂದು ಬರೆದವರೂ ಕಡಿಮೆಯಿರಲಿಲ್ಲ. ಹಳೆಯ ವಿಡಿಯೋ ಕೂಡ ಎಲ್ಲೂ ಹೋಗಲಿಲ್ಲ, ಎರಡೂ ಒಟ್ಟಿಗೇ ತಿರುಗುತ್ತಿದ್ದವು. ಚಿತ್ರದವರು ಗೋದಾಮು ಖಾಲಿ ಮಾಡಿದರು. ಇನ್ನೊಂದು ಜಿಲ್ಲೆಯ ಇನ್ನೊಂದು ದರ್ಗಾದಲ್ಲಿ ಅದೇ ಸೀನು ತೆಗೆಯುತ್ತಾರಂತೆ, ನಡಿಗೆಗೆ ಅಲ್ಲೂ ಒಬ್ಬಳು ಸಿಕ್ಕಿದ್ದಾಳಂತೆ ಎಂದು ಹೊಳೆಪ್ಪನವರ ಆಳು ಹೇಳಿದ. ಸುಭಾಸ ಅವಳ ಅಂಗಡಿಯ ಮುಂದೆ ಹಾಯುವುದನ್ನು ಬಿಟ್ಟ. ಅಜೀಜಾಬಿ ಜಮಾಲಬಿಯ ಫೋನು ಕೇಳುವುದನ್ನು ಬಿಟ್ಟಳು, ಆದರೆ ಮಗಳೊಂದಿಗೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ತಬಸುಮ್ ಹೊಲಿಯುತ್ತಲೇ ಇದ್ದಳು. ಸೋಮವಾರ ಬಂತು, ಹೋಯಿತು. ತಿರ್ಲಾಪುರದ ನಂಬರಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ.

ಮುಂದಿನ ಸಂತೆಯ ದಿನ ನೀಲಕ್ಕ ಒಬ್ಬಳೇ ಬಂದಳು. ನಮಸ್ಕಾರವಿಲ್ಲ, ಮುಗುಳ್ನಗೆಯಿಲ್ಲ. ಸ್ಟೂಲಿನ ಮೇಲೆ ಕೂತು, ಸೆರಗಿನ ಗಂಟಿನಿಂದ ಗಂಟು ಹಾಕಿದ ಎರಡು ದಾರದ ತುಂಡು ತೆಗೆದು ಮಷಿನ್ನಿನ ಮೇಲಿಟ್ಟಳು.

"ಇದು ಪ್ಲಾಸ್ಟರಿನ ಸುತ್ತಳತಿ. ಇದು ಇನ್ನೊಂದ ಕಾಲಿಂದು. ಪ್ಲಾಸ್ಟರ್ ಮ್ಯಾಲೆ ಏರೂ ಹಂಗ ಒಂದ ಪಾಯಜಾಮಾ ಬೇಕು. ಯಾವ ಅಂಗಡ್ಯಾಗೂ ಸಿಗವಲ್ದು."

ತಬಸುಮ್ ದಾರಗಳನ್ನು ನೋಡಿದಳು. "ಅಪರೇಶನ್ ಯಾವ ದಿನ ಆತ್ರಿ?"

"ಸೋಮವಾರನ. ಡಾಕ್ಟರರ ಕೈಕಾಲ ಹಿಡದು ಹೇಳಿದ ಮ್ಯಾಲೆ ತಗೊಂಡ್ರು." ನೀಲಕ್ಕ ಗೋಡೆ ನೋಡುತ್ತ ಹೇಳಿದಳು. "ನಿನ್ನ ಮ್ಯಾಲಿನ ಸಿಟ್ಟ ನನಗ ಇನ್ನೂ ಹೋಗಿಲ್ಲ. ಖಿಸೆ ಇಡಬೇಕಂತ ಅಂದಾಳ ಶೈಲಾ."

"ಎಷ್ಟ ಇಡೂಣ್ರಿ?"

"ಎರಡು."

ಗೋಡೆಯ ಮೊಳೆಗೆ ಹಸಿರು ಚೂಡಿದಾರ ತೂಗುತ್ತಿತ್ತು. ಯಾರೂ ಅದನ್ನು ವಾಪಸು ಕೇಳಿರಲಿಲ್ಲ. ತಬಸುಮ್ ಎದ್ದು, ತೊಡೆ ಒತ್ತಿಕೊಂಡು ಹೋಗಿ, ಅದನ್ನು ಇಳಿಸಿದಳು. ಕತ್ತರಿಯ ತುದಿಯಿಂದ ತಾನು ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚತೊಡಗಿದಳು. ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದ ನೀಲಕ್ಕ ಬಟ್ಟೆಯ ಇನ್ನೊಂದು ತುದಿಯನ್ನು ತನ್ನ ಕಡೆ ಎಳೆದುಕೊಂಡು, ಹಲ್ಲಿನಿಂದ ದಾರ ಕಡಿದು, ಎಳೆ ಕೀಳತೊಡಗಿದಳು. ಬಟ್ಟೆ ಪೂರ್ತಿ ಬಿಚ್ಚಿ ಚಪ್ಪಟೆಯಾಗಿ ಹಲಗೆಯ ಮೇಲೆ ಮಲಗಿದಾಗ ತಬಸುಮ್ ಅದರ ಮೇಲೆ ಎರಡೂ ದಾರಗಳನ್ನು ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದಳು. ಒಂದು ಕಾಲು ಅಗಲ, ಒಂದು ಕಾಲು ಸಣ್ಣದು.